ಚಿಕ್ಕಮ್ಮನ ಖಾನಾವಳಿಯ ಎರಡು ಜಾಗ

ಠಾಣೆ ಹತ್ತಿರದ ಮಹಾಪೆಯಲ್ಲಿ ನನ್ನದು ವೆಬ್‌ಸೈಟ್ ಮಾಡುವ ಕೆಲಸ. ಬಿಡುವಿನಲ್ಲಿ ಇಲ್ಲಿನ ಕನ್ನಡಿಗರಿಗಾಗಿ ಒಂದು ಪುಟ್ಟ ಜಾಲತಾಣ ನಡೆಸುತ್ತೇನೆ. ಠಾಣೆಯಿಂದ ಕಲ್ಯಾಣದವರೆಗಿನ ಖಾನಾವಳಿ, ಭಜನಾ ಮಂಡಳಿಗಳಿಗೆ ಅದರಲ್ಲಿ ಒಂದೊಂದು ಪುಟವಿದೆ. ಪ್ರತಿ ಪುಟದೊಳಗೆ, ಓದುಗರಿಗೆ ಕಾಣದಂತೆ, ಊರಿನ ಹೆಸರನ್ನೂ ಅಕ್ಷಾಂಶ ರೇಖಾಂಶಗಳನ್ನೂ ಬರೆದಿಡುತ್ತೇನೆ. ಹುಡುಕಿದವರಿಗೆ ಮೊಬೈಲು ಆ ಜಾಗ ತೋರಿಸುವುದು ಅದನ್ನು ಓದಿಯೇ.

ಠಾಣೆಯ ಪಕ್ಕದ ಕಳವಾ ಎಂಬಲ್ಲಿ ಖಾನಾವಳಿ ನಡೆಸುತ್ತಿದ್ದ ನನ್ನ ಚಿಕ್ಕಮ್ಮನ ಕಟ್ಟಡ ಹೋದ ವರ್ಷ, ಕೆಡವಿ ಹೊಸದು ಕಟ್ಟಲೆಂದು, ರೀಡೆವಲಪ್‌ಮೆಂಟಿಗೆ ಹೋಯಿತು. ಅವರು ಕಲ್ಯಾಣದಾಚೆಯ ಟಿಟ್ವಾಳಾದಲ್ಲಿ ಮನೆ ಹಿಡಿದು ಅಲ್ಲೇ ಒಲೆ ಹಚ್ಚಿದರು. ನಾನು ಅವರ ಪುಟದಿಂದ ಹಳೆಯ ಜಾಗವನ್ನು ಅಳಿಸಲು ಕುಳಿತೆ.

“ಹಳೇದು ತೆಗೀಬೇಡ ಮಾರಾಯ,” ಎಂದರು ಚಿಕ್ಕಮ್ಮ. “ಊರಿಗೆ ಹೋದವರು ವಾಪಸ್ ಬಂದ್ರೆ ಮೊದಲು ಅಲ್ಲಿಗೇ ಹೋಗುದಲ್ವಾ?”

“ಒಂದು ಖಾನಾವಳಿ ಎರಡು ಕಡೆ ಇರ್ಲಿಕ್ಕೆ ಆಗ್ತದಾ?”

“ಅಲ್ಲಿ ಇತ್ತು ಅಂತ ಬರಿ.”

ಆ ಮಾತು ನನ್ನನ್ನು ಬಿಡಲಿಲ್ಲ. ಪುಟದೊಳಗೆ ಜಾಗ ಬರೆದಿಡುವ ನನ್ನ ಟ್ಯಾಗುಗಳಲ್ಲಿ ‘ಇದೆ’ ಎನ್ನಲು ಮಾತ್ರ ಅವಕಾಶವಿತ್ತು. ಕೊನೆಗೆ ಹಳೆಯ ಜಾಗಕ್ಕೇ ಬೇರೆ ಪುಟ ಮಾಡಿ, ಖಾನಾವಳಿ ಈಗ ಟಿಟ್ವಾಳಾದಲ್ಲಿದೆ ಎಂದು ಬರೆದು ಹೊಸ ಪುಟಕ್ಕೆ ಕೊಂಡಿ ಹಾಕಿದೆ.

ಈ ಯುಗಾದಿಯ ಮಧ್ಯಾಹ್ನ ನಾನು ಟಿಟ್ವಾಳಾದಲ್ಲಿ ಊಟಕ್ಕೆ ಕುಳಿತಿದ್ದಾಗ ವಿಜಯಪುರದ ಹಮಾಲರೊಬ್ಬರು ಬಂದು ಬಾಗಿಲಲ್ಲಿ ನಿಂತರು. ಕಳವಾದಲ್ಲಿ ಚಿಕ್ಕಮ್ಮನ ಕೈಯಲ್ಲಿ ವರ್ಷಗಟ್ಟಲೆ ಉಂಡವರು.

“ಅಕ್ಕಾರ, ಕಳವಾಕ ಹೋದ್ರ ಬಿಲ್ಡಿಂಗೇ ಇಲ್ರಿ! ಮೊಬೈಲ್‌ದಾಗ ಹುಡುಕಿದ್ರ ಇಲ್ಲಿಗಿ ಬಂದೀರಿ ಅಂತ ತೋರಿಸ್ತು.”

ಚಿಕ್ಕಮ್ಮ ನನ್ನತ್ತ ತಿರುಗಿಯೂ ನೋಡಲಿಲ್ಲ. ಹಮಾಲರ ಮಕ್ಕಳ ಕ್ಷೇಮ ಕೇಳುತ್ತಲೇ ಎಲೆ ಹಾಕಿದರು.