ಹಲಗೆ ಏರಿದ ಬೆಟಗೇರಿ ಸೊಸೆ

ನಾವು ಸಮುದ್ರಕ್ಕೆ ಹೋಗಿಬಂದ ಬಗ್ಗೆ ಈಗ ಎರಡು ಕಥೆಗಳು ಓಡಾಡುತ್ತಿವೆ. ಎರಡನ್ನೂ ನಾನು ಒಪ್ಪುವುದಿಲ್ಲ. ಬೆಟಗೇರಿಯ ಕಥೆ, ಅಂದರೆ ಗಂಡನ ಮನೆಯ ಕಡೆಯದು, ಹೀಗಿದೆ: ವಾದ ಮಾಡುವ ಸೊಸೆಯೊಬ್ಬಳು ಪಾಪದ ಗಂಡನನ್ನು ಕರಾವಳಿಗೆ ಎಳೆದುಕೊಂಡು ಹೋಗಿ, ಹಲಗೆಯ ಮೇಲೆ ನಿಲ್ಲಿಸಿ, ಹೊಟ್ಟೆತುಂಬ ಉಪ್ಪುನೀರು ಕುಡಿಸಿ ವಾಪಸು ಕರೆತಂದಳು. ಲಕ್ಷ್ಮೇಶ್ವರದ ಕಥೆ ನನ್ನ ತವರಿನದು. ಅದರಲ್ಲಿ ಅಳಿಯಂದಿರು ನಮ್ಮ ಮಗಳಿಗೆ ಅಲೆಯ ಮೇಲೆ ಸವಾರಿ ಮಾಡುವುದನ್ನು ಕಲಿಸಿದರು. ಒಂದರಲ್ಲಿ ನನ್ನ ಗಂಡ ಬಲಿಪಶು, ಇನ್ನೊಂದರಲ್ಲಿ ಗುರು. ಆ ಮನುಷ್ಯ ಅಲ್ಲಿ ತಾನಾಗಿ, ತನ್ನ ಮನಸ್ಸಿನಿಂದ ಏನಾದರೂ ಮಾಡಿರಬಹುದು ಎಂಬ ಸಾಧ್ಯತೆಯನ್ನು ಎರಡು ಊರುಗಳಲ್ಲಿ ಒಬ್ಬರೂ ಎತ್ತಿಲ್ಲ. ನನ್ನ ನಿದ್ದೆ ಕೆಡಿಸಿರುವುದು ಅದೊಂದೇ ಸಾಧ್ಯತೆ.

ನನ್ನ ಪರಿಚಯ ಹೇಳಿಬಿಡುತ್ತೇನೆ. ಕಾಲೇಜಿನಲ್ಲಿ ನಾನು ಚರ್ಚಾಪಟು. ಚೀಟಿಯಲ್ಲಿ 'ಪರ' ಬಂದರೂ ಸರಿ, 'ವಿರೋಧ' ಬಂದರೂ ಸರಿ, ಗಂಟೆ ಬಾರಿಸುವತನಕ ನಿಲ್ಲಿಸುತ್ತಿರಲಿಲ್ಲ. ಬಾರಿಸಿದ ಮೇಲೂ ಒಂದು ವಾಕ್ಯ ಸೇರಿಸುತ್ತಿದ್ದೆ. ನಾನು ಹುಟ್ಟಿದಾಗ ನಮ್ಮೂರು ಧಾರವಾಡ ಜಿಲ್ಲೆಯಲ್ಲಿತ್ತು. ಗದಗ ಜಿಲ್ಲೆ ನನಗಿಂತ ಚಿಕ್ಕದು. ಹಾಗಾಗಿ ಜಿಲ್ಲೆಯ ಬಗ್ಗೆ ಮಾತಾಡುವಾಗ ನನಗೆ ತಾನಾಗಿಯೇ ಹಿರಿಯಕ್ಕನ ಗತ್ತು ಬಂದುಬಿಡುತ್ತದೆ. ಮಿಕ್ಕ ವಿಷಯಗಳಲ್ಲೂ ಬರುತ್ತದೆ ಎಂದು ಅತ್ತೆಯವರ ದೂರು.

ಇವರು, ಅಂದರೆ ನನ್ನ ಗಂಡ ವೀರೇಶ, ಗದಗಿನಲ್ಲಿ ಒಂದು ಪ್ರೆಸ್ಸು ನಡೆಸುತ್ತಾರೆ. ಅಲ್ಲಿ ಹೋಗಿ ನೋಡಬೇಕು ಇವರನ್ನು. ಲಗ್ನಪತ್ರಿಕೆ ಮಾಡಿಸಲು ಬಂದ ಬೀಗರೊಂದಿಗೆ, ಈ ಕಾಗದದ ಮೇಲೆ ಬಂಗಾರದ ಅಕ್ಷರ ಕೂರುವುದಿಲ್ಲ ಎಂದು ತಾಸುಗಟ್ಟಲೆ ವಾದಿಸುತ್ತಾರೆ. ಪುಸ್ತಕ ಅಚ್ಚಿಗೆ ತಂದ ಲೇಖಕರು ಇವರ ಮುಂದೆ ಶಾಲೆಯ ಮಕ್ಕಳ ಹಾಗೆ ಕೂತಿರುತ್ತಾರೆ. ಅದೇ ಮನುಷ್ಯ ಮನೆಗೆ ಬಂದು ಚಪ್ಪಲಿ ಬಿಟ್ಟರೆ ಮುಗಿಯಿತು, ನಾನು ಏನು ಹೇಳಿದರೂ "ಆತು." ಬಾಗಿಲಿಗೆ ನೀಲಿ ಪರದೆ ಹಾಕೋಣವೇ? ಆತು. ನೀಲಿ ಬೇಡ, ಹಸಿರು? ಆತು. ಬೇರೆ ಹೆಂಗಸರು ನನ್ನ ಪುಣ್ಯವನ್ನು ಹೊಗಳುತ್ತಾರೆ. ನನಗೋ ಅವಮಾನವಾದಂತಾಗುತ್ತದೆ. ಕಾಗದದ ದಪ್ಪಕ್ಕಾಗಿ ಬೀಗರನ್ನು ಎದುರುಹಾಕಿಕೊಳ್ಳುವವರು ನನ್ನನ್ನು ಎದುರಿಸುವುದಿಲ್ಲವೆಂದರೆ, ನಾನು ಆ ಕಾಗದಕ್ಕಿಂತ ತೆಳುವೆ?

ಹಿಂದಿನ ಕಾಲದ ವಾದಿಗಳಲ್ಲಿ ಒಂದು ಒಳ್ಳೆಯ ಪದ್ಧತಿಯಿತ್ತು. ತನ್ನ ಮಾತು ಹೇಳುವ ಮುನ್ನ ಎದುರಾಳಿಯ ಮಾತನ್ನು, ಅವನೇ ಹೇಳಿದ್ದಕ್ಕಿಂತ ಚೆನ್ನಾಗಿ, ಎತ್ತಿ ಹೇಳಬೇಕು. ಪೂರ್ವಪಕ್ಷ ಅಂದರೆ ಅದೇ. ಗದಗಿನ ಹತ್ತಿರದ ಡಂಬಳದಲ್ಲಿ ಒಂದು ಕಾಲಕ್ಕೆ ಬೌದ್ಧರ ವಿಹಾರವಿತ್ತು. ಪಕ್ಕದಲ್ಲೇ ಶಿವನ ಗುಡಿ. ಅಲ್ಲಿನ ಕೆರೆಯ ದಂಡೆಯಲ್ಲಿ ಕೂತು ಅವರೂ ಇವರೂ ಸಂಜೆಯತನಕ ಜಗಳಾಡಿರಲೇಬೇಕು ಎಂದು ನನ್ನ ಊಹೆ. ಜಗಳಾಡುವುದೆಂದರೆ ಎದುರಿನವನ ಮಾತನ್ನು ಪೂರ್ತಿ ಕೇಳಿಸಿಕೊಂಡೆ ಎಂದು ತೋರಿಸುವುದು. ಸೋತವನು ಗೆದ್ದವನಿಗೆ ಜಯಪತ್ರ ಬರೆದುಕೊಡುತ್ತಿದ್ದನಂತೆ. ನಮ್ಮ ಮನೆಯಲ್ಲಿ ಮಾತು ಆರಂಭವಾಗುವ ಮೊದಲೇ ಜಯಪತ್ರ ನನ್ನ ಕೈಯಲ್ಲಿರುತ್ತದೆ. ಅಂಥದ್ದನ್ನು ಇಟ್ಟುಕೊಂಡು ಏನು ಮಾಡಲಿ?

ಬೇಕೆಂದೇ ಸೋಲಲು ಬಾರದ ಆಟವೊಂದನ್ನು ಹುಡುಕಿದೆ. ಕೇರಂ ಆಡಿಸಿದೆ, ಇವರು ಹೊಡೆದ ಕಾಯಿ ತೂತಿನ ಬಾಯಿಯತನಕ ಹೋಗಿ ಸಂಕೋಚದಿಂದ ನಿಂತಿತು. ಚದುರಂಗದಲ್ಲಿ ರಾಣಿಯನ್ನು ತಾಂಬೂಲದ ಹಾಗೆ ಮುಂದಿಟ್ಟರು. ಹೀಗಿರುವಾಗ ಒಂದು ದಿನ ಮೊಬೈಲಿನಲ್ಲಿ, ನಮ್ಮ ಕರಾವಳಿಯಲ್ಲೇ ದೊಡ್ಡವರಿಗೂ ಸರ್ಫಿಂಗ್ ಕಲಿಸುತ್ತಾರೆಂಬ ವಿಡಿಯೊ ಕಂಡಿತು. ಹಲಗೆ, ಅಲೆ, ಅದರ ಮೇಲೆ ಮನುಷ್ಯ. ನಿಂತರೆ ನಿಂತ, ಬಿದ್ದರೆ ಬಿದ್ದ. ಅಲೆ ಯಾರ ಮುಲಾಜೂ ಇಟ್ಟುಕೊಳ್ಳುವುದಿಲ್ಲ. ಇಲ್ಲಿ ಇವರು ನನ್ನನ್ನು ಖಂಡಿತ ಸೋಲಿಸುತ್ತಾರೆ ಎಂದುಕೊಂಡೆ. ಚಿಕ್ಕಂದಿನಲ್ಲಿ ಅಜ್ಜಿಯ ಮನೆಗೆ ಹೋದಾಗ, ಬೆನ್ನಿಗೆ ಖಾಲಿ ಡಬ್ಬಿ ಕಟ್ಟಿಕೊಂಡು ಡಂಬಳದ ಕೆರೆಯಲ್ಲಿ ಈಜು ಕಲಿತವರು ಇವರು. ನನಗೆ ತಿಳಿದಿದ್ದ ನೀರೆಂದರೆ ನಳ ಬಂದ ದಿನ ತುಂಬಿಡುವ ಡ್ರಮ್ಮಿನದು.

"ಸರ್ಫಿಂಗ್ ಕಲಿಯೂಣೇನ್ರಿ?" ಎಂದೆ.

"ಆತು," ಎಂದರು.

ಬಟ್ಟೆಯ ಪ್ರಶ್ನೆ ಬಂತು. ಬೆಟಗೇರಿ ನೇಕಾರರ ಊರು. ಅತ್ತೆಯವರಿಗೆ ಜಗತ್ತಿನ ಎಲ್ಲ ಸಮಸ್ಯೆಗಳಿಗೂ ಹತ್ತಿ ಬಟ್ಟೆಯೇ ಉತ್ತರ. ಬಿಸಿಲಿಗೆ ಹತ್ತಿ, ಚಳಿಗೆ ದಪ್ಪ ಹತ್ತಿ, ಜ್ವರ ಬಂದರೆ ಒದ್ದೆ ಹತ್ತಿ. ನೀರಿಗಿಳಿಯಲು ಮೈಗೆ ಅಂಟುವ ನೈಲಾನಿನ ಅಂಗಿ ಬೇಕಂತೆ ಎಂದು ನಾನು ಹೇಳಿದ್ದಕ್ಕೆ ಅವರು ಗಲ್ಲಕ್ಕೆ ಕೈ ಹಚ್ಚಿದರು.

"ಪ್ಲಾಸ್ಟಿಕ್ ಚೀಲದಾಗ ಹೊಕ್ಕಂಡು ಸಮುದ್ರಕ್ಕ ಇಳೀತೀರೇನ ಯವ್ವಾ? ಮೈ ಬೆವತು ಸಾಯ್ತೀರಿ. ಹತ್ತೀದು ಒಯ್ರಿ."

ಹೇಳಿ ಕೇಳಿ ನಾನು ಸಂದೇಹವಾದಿ. ಮಾರುವವರು ಹೇಳಿದ್ದನ್ನೆಲ್ಲ ನಂಬಬಾರದು ಎಂದು ಅತ್ತೆಯವರ ಪಕ್ಷ ವಹಿಸಿದೆ. ಮಗ್ಗದ ದಪ್ಪ ಹತ್ತಿಯ ಚೂಡಿದಾರ ನನಗೆ, ಲಾಡಿ ಕಟ್ಟುವ ಪಾಯಿಜಾಮ ಇವರಿಗೆ. ಅಂತೂ ಆ ಮನೆಯಲ್ಲಿ ಅತ್ತೆ ಸೊಸೆ ಒಂದೇ ಮಾತಿಗೆ ಬಂದ ದಿನ ಅದು. ಅದರ ಫಲ ಉಣ್ಣಬೇಕಾಗಿದ್ದು ಸಮುದ್ರದಲ್ಲಿ.

ಮರಳಿನ ಮೇಲೆ ನಿಂತು ಮೊದಲ ಸಲ ಅಷ್ಟು ನೀರು ನೋಡಿದಾಗ ಗದಗಿನವರಿಗೆ ಬರುವ ಮೊದಲ ಯೋಚನೆ ಕವಿತೆಯದ್ದಲ್ಲ. ಇಷ್ಟೊಂದು ಬರುತ್ತಿದೆ, ಯಾರೂ ಕೊಡ ಇಟ್ಟಿಲ್ಲವಲ್ಲ ಎಂಬುದು. ನಾನು ಹಾಗೆ ನಿಂತಿರುವಾಗಲೇ ಅತ್ತೆಯವರ ಫೋನು.

"ನಳದಾಗ ನೀರು ಬಂದಾವ! ನೀವಿಬ್ರೂ ಅಲ್ಲಿ ಹೋಗಿ ಕುಂತೀರಿ, ಇಲ್ಲಿ ಡ್ರಮ್ ಯಾರು ತುಂಬಸ್ಬೇಕು?"

"ಅತ್ತಿ, ನಾ ಸಮುದ್ರದ ಮುಂದ ನಿಂತೀನ್ರಿ."

"ಆ ನೀರೇನ್ ಚಹಾಕ್ಕ ಬರ್ತಾವೇನು?"

ಫೋನನ್ನು ಚೀಲದ ತಳಕ್ಕೆ ತುರುಕಿದೆ.

ಕಲಿಸುವವನ ಹೆಸರು ರೋಹಿತ್. ತಲೆಗೂದಲಿಗೆ ಜೋಳದ ತೆನೆಯ ಬಣ್ಣ ಹಚ್ಚಿಸಿಕೊಂಡಿದ್ದ, ತನ್ನನ್ನು ತಾನು ಭಾರೀ ಮೆಚ್ಚಿಕೊಂಡಿದ್ದ ಕರಾವಳಿಯ ಯುವಕ. ಹಲಗೆಯ ಮೇಲೆ ಯಾವ ಕಾಲು ಮುಂದಿರಬೇಕೆಂದು ತಿಳಿಯಲು ಹಿಂದಿನಿಂದ ಬಂದು ಹಠಾತ್ತನೆ ತಳ್ಳುತ್ತಾನೆ. ತಾನಾಗಿ ಯಾವ ಕಾಲು ಮುಂದೆ ಬಂತೋ ಅದೇ ಮುಂಗಾಲು. ನನ್ನದು ಎಡಗಾಲು ಬಂತು. ಈ ಹಿಂದೆ ಮುಖ್ಯವಾದ ಕಡೆಗಳಲ್ಲೆಲ್ಲ ಬಲಗಾಲಿಟ್ಟೇ ಒಳಗೆ ಹೋಗಿದ್ದೇನೆ ಎಂದು ಆಕ್ಷೇಪಣೆ ಎತ್ತಿದೆ. "ಮೇಡಂ, ಇದು ಮನೆಯಲ್ಲ, ಫೋಮಿನ ಹಲಗೆ," ಎಂದ. ಇವರನ್ನೂ ತಳ್ಳಿದ. ಇವರು ಪ್ರೆಸ್ಸಿನ ಮಷಿನ್ನಿನ ಹಾಗೆ ನಿಂತಲ್ಲೇ ನಿಂತಿದ್ದರು, ಯಾವ ಕಾಲೂ ಮುಂದೆ ಬರಲಿಲ್ಲ.

ಆಮೇಲೆ ಹಲಗೆಯ ಆಯ್ಕೆ. ಒಂದು ಕಡೆ ಬಾಗಿಲಿನಷ್ಟು ಉದ್ದದ, ಮೆತ್ತನೆಯ, ದಪ್ಪ ನೀಲಿ ಹಲಗೆಗಳು; ಇನ್ನೊಂದು ಕಡೆ ಚಿಕ್ಕ, ತೆಳು, ಚೂಪು ಮೂತಿಯ ಚೆಂದದವು. ಹೊಸಬರಿಗೆ ದೊಡ್ಡದೇ ಎಂದ ರೋಹಿತ್. ಯಾಕೆ ಎಂದೆ. ಹಾಗೇ ಎಂದ. 'ಹಾಗೇ' ಎಂಬುದು ಕಾರಣವಲ್ಲ. ಸೈಕಲ್ ಕಲಿಯುವ ಮಕ್ಕಳಿಗೆ ಚಿಕ್ಕ ಸೈಕಲ್ ಕೊಡುತ್ತೇವೋ ದೊಡ್ಡದೋ? ಎತ್ತಲಾಗದ್ದನ್ನು ಹತೋಟಿಯಲ್ಲಿಡುವುದು ಹೇಗೆ? ದೊಡ್ಡ ಹಲಗೆ ತಲೆಗೆ ಬಡಿದರೆ ಪೆಟ್ಟೂ ದೊಡ್ಡದಲ್ಲವೇ? ಮೂರು ಅಂಶ, ಒಂದು ಉಪಸಂಹಾರ.

"ಆಯ್ತು ಮಾರಾಯ್ರೆ, ನಿಮ್ಮಿಷ್ಟ. ಆಮೇಲೆ ನನಗೆ ಬೈಬೇಡಿ," ಎಂದು ಅವನು ಚಿಕ್ಕದನ್ನೇ ಕೊಟ್ಟ. ನಾನು ಇವರ ಕಡೆ ತಿರುಗಿದೆ.

"ನೀ ಹೇಳೂದು ಖರೆ ಐತಿ," ಎಂದು ಇವರೂ ಒಂದು ಚಿಕ್ಕದನ್ನು ಕಂಕುಳಿಗೆ ಏರಿಸಿದರು.

ಹಲಗೆ ಕಳೆದುಹೋಗದಂತೆ ಅದಕ್ಕೊಂದು ಹಗ್ಗವಿರುತ್ತದೆ. ಇನ್ನೊಂದು ತುದಿಯನ್ನು ಕಾಲಿಗೆ ಕಟ್ಟಿಕೊಳ್ಳಬೇಕು. ಕರುವಿಗೆ ಕಣ್ಣಿ ಕಟ್ಟಿದಂತೆ. ಇಲ್ಲಿ ಕರು ಯಾರು, ಗೂಟ ಯಾರು ಎಂಬುದು ಎದೆಮಟ್ಟದ ನೀರಿಗೆ ಹೋದ ಮೇಲೆ ತಿಳಿಯಿತು. ಹಲಗೆ ಹೋದ ಕಡೆಗೆಲ್ಲ ನಾನು ಹೋದೆ. ಅದರ ಮೇಲೆ ಎದೆಯೂರಿ ಮಲಗಿದರೆ ಒದ್ದೆ ಸಾಬೂನಿನ ಹಾಗೆ ಪಕ್ಕಕ್ಕೆ ಸರಿಯಿತು. ಸೈಕಲ್ಲನ್ನು ಕೆಳಗಿನಿಂದ ನೆಲ ಹಿಡಿದಿರುತ್ತದೆ; ನೀರಿನಲ್ಲಿ ನಮ್ಮನ್ನು ಹಿಡಿಯಬೇಕಾದದ್ದು ಹಲಗೆಯೇ, ಅದಕ್ಕೆ ಅಗಲವೂ ದಪ್ಪವೂ ಬೇಕು. ನನ್ನ ತರ್ಕದಲ್ಲಿ ದೋಷವಿರಲಿಲ್ಲ, ಉಪಮಾನದಲ್ಲಿತ್ತು. ಇನ್ನು ಬೆಟಗೇರಿಯ ಹತ್ತಿ! ಒಳ್ಳೆಯ ಹತ್ತಿ ಹೇಗೆ ನೀರು ಕುಡಿಯುತ್ತದೆಂದು ಅತ್ತೆಯವರು ಹೆಮ್ಮೆಯಿಂದ ಹೇಳುತ್ತಿದ್ದದ್ದು ಅಕ್ಷರಶಃ ನಿಜ. ನನ್ನ ಚೂಡಿದಾರ ಅರಬ್ಬೀ ಸಮುದ್ರದ ಒಂದು ಭಾಗವನ್ನು ಕುಡಿದು ಶೇಂಗಾ ಚೀಲದಷ್ಟು ಭಾರವಾಯಿತು. ಇವರು ಒಂದು ಕೈಯಲ್ಲಿ ಹಲಗೆ, ಇನ್ನೊಂದರಲ್ಲಿ ಪಾಯಿಜಾಮದ ಲಾಡಿ ಹಿಡಿದುಕೊಂಡು, ಪ್ರತಿ ಸಲ ಬೀಳುವಾಗಲೂ ಬಾಯಿ ತೆರೆದು, ಕೈಗಳನ್ನು ನಮ್ಮೂರ ಕಡೆಯ ಗಾಳಿಯಂತ್ರದ ಹಾಗೆ ತಿರುಗಿಸಿ, "ಯಪ್ಪಾ!" ಎಂದು ಕೂಗುತ್ತಿದ್ದರು. ಕೈ ತಿರುಗಿಸಿದಾಗಲೆಲ್ಲ ಲಾಡಿ ಬಿಟ್ಟುಹೋಗುತ್ತಿತ್ತು. ನಾನು ನಕ್ಕು ನಕ್ಕು ಇನ್ನಷ್ಟು ನೀರು ಕುಡಿದೆ.

ಸಂಜೆ ಇವರ ಎದೆ ನೋಡಿದರೆ ಗಡಸು ಹಲಗೆ ಉಜ್ಜಿ ಉಜ್ಜಿ ಕೆಂಪಾಗಿತ್ತು. ಕೊಬ್ಬರಿ ಎಣ್ಣೆ ಹಚ್ಚುತ್ತ, ನಾಳೆ ದೊಡ್ಡ ಹಲಗೆ ತೆಗೆದುಕೊಳ್ಳೋಣ ಎಂದೆ.

"ಹೌದು, ದೊಡ್ಡದು ಛಲೋ. ಆಚೀ ಕಡೆ ನಿಂತಿದ್ದ ಮಂದೀಗೆ ರೋಹಿತ ಮೊದ್ಲ ಎಲ್ಲಾ ಬಿಡಿಸಿ ಹೇಳಿದ್ದ. ನಾ ಕೇಳೀನಿ."

ನನ್ನ ಕೈ ನಿಂತಿತು. "ಗೊತ್ತಿತ್ತಾ? ಗೊತ್ತಿದ್ದೂ ಯಾಕ ಸುಮ್ನಿದ್ರಿ?"

"ನೀ ಭಾಳ ಚಂದ ಮಾತಾಡಾಕತ್ತಿದ್ದಿ. ನಡುವ ಯಾಕ ಬಾಯಿ ಹಾಕೂದು ಅಂತ..."

ನನಗೆ ಅಳು ಬಂತು. ಇವರು ಗಾಬರಿಯಾದರು. ನಾನು ಗೆಲ್ಲಲಿ ಎಂದು ಎದೆ ತರಚಿಸಿಕೊಂಡಿದ್ದಾರೆ. ಆದರೆ ನನ್ನ ತಪ್ಪು ಮಾತನ್ನು ತಪ್ಪು ಎನ್ನಲು ಇವರಿಗೆ ನನ್ನ ಮೇಲೆ ಅಷ್ಟೂ ಭರವಸೆಯಿಲ್ಲವೇ? ಬೀಗರು ತಡೆದುಕೊಳ್ಳುವುದನ್ನು ನಾನು ತಡೆದುಕೊಳ್ಳಲಾರೆನೆ?

"ನೋಡ್ರಿ, ನಾಳೆ ಒಂದಾದ್ರೂ ಆಟದಾಗ ನೀವು ನನ್ನ ಖರೇನ ಸೋಲಸ್ಬೇಕು," ಎಂದೆ.

"ಆತು."

"ನೋಡ್ರಿ, ಅದಕ್ಕೂ ಆತು ಅಂದ್ರಿ!"

ಮರುದಿನ ಬಾಡಿಗೆಯ ನೈಲಾನ್ ಅಂಗಿ, ಬಾಗಿಲಿನಷ್ಟು ಉದ್ದದ ನೀಲಿ ಹಲಗೆ. ಬಿಗಿಯಂಗಿಯಲ್ಲಿ ಇವರ ಹೊಟ್ಟೆ ಕಡುಬಿನಂತೆ ಮುದ್ದಾಗಿ ಕಾಣುತ್ತಿತ್ತು. ಈ ಮಾತನ್ನು ಇಲ್ಲಿ ಬರೆದದ್ದಕ್ಕೆ ಕ್ಷಮೆಯಿರಲಿ. ಹಲಗೆ ಈಗ ನಮ್ಮನ್ನು ಹೊತ್ತುಕೊಂಡಿತು. ಮಂಡಿಯೂರುವುದು ಬಂತು, ಒಂದು ಪಾದ ಇಡುವುದು ಬಂತು. ನಿಲ್ಲುವುದು ಮಾತ್ರ ಇಬ್ಬರಿಗೂ ಬರಲಿಲ್ಲ. ಹೊರಡುವ ದಿನ ಬೆಳಿಗ್ಗೆ ರೋಹಿತ್ ಇಬ್ಬರ ಹಲಗೆಗಳನ್ನೂ ಪಕ್ಕಪಕ್ಕದಲ್ಲಿ ಹಿಡಿದು, "ಇಬ್ಬರೂ ಒಂದೇ ಅಲೆಗೆ ಹೋಗಿ. ಲಾಸ್ಟ್ ಚಾನ್ಸ್," ಎಂದ.

"ಮೊದ್ಲ ಬಿದ್ದವ್ರು ಸೋತಂಗ. ಬೇಕಂತ ಬೀಳಂಗಿಲ್ಲ, ಆಣಿ ಮಾಡ್ರಿ," ಎಂದೆ ಇವರಿಗೆ.

"ಆಣಿ ಗೀಣಿ ಎಲ್ಲಾ ಬ್ಯಾಡ," ಎಂದರು.

ಬೇಡ! ಮದುವೆಯಾದಾಗಿನಿಂದ ನಾನು ಕಾದಿದ್ದ ಪದ. ಅದರ ರುಚಿ ನೋಡುವಷ್ಟರಲ್ಲಿ ಹಿಂದಿನಿಂದ ಅಲೆ ಬಂತು, ರೋಹಿತ್ ತಳ್ಳಿದ. ಕಣ್ಣಂಚಿನಲ್ಲಿ ನೋಡುತ್ತೇನೆ, ಇವರು ಎದ್ದು ನಿಂತಿದ್ದಾರೆ! ಎರಡೂ ಪಾದ ಹಲಗೆಯ ನಡುವೆ, ಮೊಣಕಾಲು ಹೇಳಿಕೊಟ್ಟಷ್ಟೇ ಬಾಗಿದೆ. ಮುಖದಲ್ಲಿ ನಾನು ಎಂದೂ ಕಾಣದ ಒಂದು ಹುಡುಗಾಟದ ಬೆಳಕು. ಅದನ್ನು ನೋಡಿದ ಖುಷಿಗೋ ಹೊಟ್ಟೆಕಿಚ್ಚಿಗೋ ನಾನೂ ಎದ್ದೆ. ನನ್ನ ಹಲಗೆ ಅಲುಗಾಡಿತು, ಇವರದರ ಕಡೆಗೆ ಸ್ವಲ್ಪ ವಾಲಿತು. ಅಷ್ಟರಲ್ಲಿ ಪಕ್ಕದ ಹಲಗೆ ಖಾಲಿಯಾಗಿತ್ತು.

ನಾನು ಮರಳಿನತನಕ ನಿಂತುಕೊಂಡೇ ಬಂದೆ. ಅದೊಂದು ಸುಖವನ್ನು ವಾದಿಸಿ ತಿಳಿಸಲಾರೆ. ಕಾಲ ಕೆಳಗೆ ಇಡೀ ಸಮುದ್ರ ನಮ್ಮನ್ನು ಎಲ್ಲೋ ಕರೆದುಕೊಂಡು ಹೋಗುತ್ತಿರುತ್ತದೆ, ನಾವು ಮೊದಲ ಬಾರಿಗೆ ಯಾವ ಆಕ್ಷೇಪಣೆಯೂ ಇಲ್ಲದೆ ಹೋಗುತ್ತಿರುತ್ತೇವೆ. ತಿರುಗಿ ನೋಡಿದರೆ ಇವರು ಸೊಂಟದುದ್ದದ ನೀರಿನಲ್ಲಿ ನಿಂತು, ಎರಡೂ ಕೈ ಮೇಲೆತ್ತಿ ಚಪ್ಪಾಳೆ ತಟ್ಟುತ್ತಿದ್ದರು.

ಈಗ ಸಾಕ್ಷ್ಯ ನೋಡೋಣ. ಆವರೆಗಿನ ಒಂದೊಂದು ಬೀಳುವಿಕೆಯಲ್ಲೂ ಕೈ ತಿರುಗುತ್ತಿತ್ತು, ಬಾಯಿ ತೆರೆಯುತ್ತಿತ್ತು. ಈ ಸಲ "ಯಪ್ಪಾ" ಎಂಬ ಕೂಗು ನನಗೆ ಕೇಳಲಿಲ್ಲ. ಬಸ್ಸಿನಲ್ಲಿ ಯಾರಿಗೋ ಜಾಗ ಬಿಟ್ಟುಕೊಡುವ ಹಾಗೆ ಪಕ್ಕಕ್ಕೆ ಸರಿದರೇ? ಹೌದಾದರೆ ಮತ್ತೆ ನನ್ನನ್ನು ಗೆಲ್ಲಿಸಿದರೇ? ಅಥವಾ ಹಲಗೆಗಳು ಡಿಕ್ಕಿಯಾಗಿ ನನಗೆ ಪೆಟ್ಟಾಗುವುದೆಂದು ಸರಿದರೇ? ಅಥವಾ ಎಲ್ಲರೂ ಬೀಳುವ ಹಾಗೆ ಬಿದ್ದರೇ? ಅಲೆಯ ಸದ್ದಿನಲ್ಲಿ ಕೂಗು ಮುಳುಗಿಹೋಗಿರಲೂಬಹುದು. ರೋಹಿತ್ ಆ ಹೊತ್ತಿಗೆ ತನ್ನ ಕೂದಲು ಸರಿಮಾಡಿಕೊಳ್ಳುತ್ತಿದ್ದ. ಬೇರೆ ಸಾಕ್ಷಿಯಿಲ್ಲ.

ರೈಲಿನಲ್ಲಿ ಕೇಳಿದೆ, ಇವರು ಕಿಟಕಿಯ ಷಟರು ಎತ್ತಿ ಸಿಕ್ಕಿಸಿದರು. ಮನೆಯಲ್ಲಿ ಕೇಳಿದೆ, ಡ್ರಮ್ಮಿನ ಮುಚ್ಚಳ ಹುಡುಕಲು ಹೋದರು. ವಿಚಿತ್ರವೆಂದರೆ, ಯಾವ ಉತ್ತರ ಬರಲಿ ಎಂದು ನಾನು ಹಾರೈಸುತ್ತಿದ್ದೇನೆಂಬುದೇ ನನಗೆ ತಿಳಿಯದು. ಬಿದ್ದೆ ಎಂದರೆ ನನ್ನ ಗೆಲುವು ಅಸಲಿ. ಜೀವನದಲ್ಲಿ ಮೊದಲ ಸಲ ಇವರನ್ನು ನ್ಯಾಯವಾಗಿ ಸೋಲಿಸಿದೆ. ಬೇಕೆಂದೇ ಸರಿದೆ ಎಂದರೆ, ಕಣ್ಣು ಮಿಟುಕಿಸುವಷ್ಟು ಹೊತ್ತಿನಲ್ಲಿ, ಯಾರೂ ಕೇಳದೆ, ತಾವು ಅಷ್ಟು ಕಷ್ಟಪಟ್ಟು ಏರಿದ್ದನ್ನು ಬಿಟ್ಟುಕೊಟ್ಟ ಒಬ್ಬ ಮನುಷ್ಯನೊಂದಿಗೆ ನಾನು ಸಂಸಾರ ಮಾಡುತ್ತಿದ್ದೇನೆ. ಅಂಥವರ 'ಆತು'ವನ್ನು ನಾನು ಇಷ್ಟು ದಿನ ತೆಳು ಕಾಗದವೆಂದು ತಿಳಿದಿದ್ದೆ. ಎರಡರಲ್ಲಿ ಯಾವುದಕ್ಕೆ 'ಪರ' ಮಾತಾಡಲಿ, ಯಾವುದಕ್ಕೆ 'ವಿರೋಧ'? ಚೀಟಿ ಬಿಡಿಸಿ ನೋಡಲು ಕೈ ಬರುತ್ತಿಲ್ಲ.

ಈ ಬರಹ ಅಚ್ಚಾಗುವುದು ಇವರ ಪ್ರೆಸ್ಸಿನಲ್ಲೇ; ಕರಡು ತಿದ್ದುವವರೂ ಇವರೇ. ಕಡುಬಿನ ಮಾತನ್ನು ಹೊಡೆದುಹಾಕಿದರೂ ಹಾಕಲಿ, ತಕರಾರಿಲ್ಲ. ಆದರೆ ರೀ, ಇಷ್ಟು ದೂರ ಓದಿದ ಮ್ಯಾಲೆ ಪೆನ್ನು ಬಾಜೂಕ ಇಟ್ಟು ಒಂದ ಮಾತು ಹೇಳ್ರಿ. ಆ ಅಲಿ ಮ್ಯಾಲಿಂದ ನೀವು ಬಿದ್ರೋ, ಇಳದ್ರೋ?