ಮೀನಿನಕ್ಕನ ಹೊಟ್ಟೆಯೊಳಗಿನ ಬಿಸಿ

ಮೊನ್ನೆ ಮೊಣಕಾಲಿನ ಸ್ಕ್ಯಾನಿಗೆಂದು ಮಲಗಿದ್ದಾಗ ಹುಡುಗಿಯೊಬ್ಬಳು ನನ್ನ ಅಂಗೈಯಲ್ಲಿ ರಬ್ಬರಿನ ಮೆತ್ತನೆಯ ಉಂಡೆಯೊಂದನ್ನು ಇಟ್ಟು, "ಏನಾದರೂ ಆದರೆ ಹಿಚುಕಿ" ಎಂದಳು. ಹಿಚುಕುವಂಥದ್ದೇನೂ ಆಗಲಿಲ್ಲ. ಯಂತ್ರದ ಬಡಿತದ ನಡುವೆ ಕಣ್ಣು ಮುಚ್ಚಿದರೆ ಇನ್ನೊಂದು ಕೋಣೆ ತೇಲಿ ಬಂತು... ಗಾಜಿನ ಈಚೆ ಡಾಕ್ಟರು, ಅವರ ಸಹಾಯಕಿ, ನಾನು. ಗಾಜಿನ ಆಚೆ ಬೋರಲಾಗಿ ಮಲಗಿದ್ದ ನಮ್ಮ ಮೀನಿನಕ್ಕ.

ಶಿರವಾಡದಲ್ಲಿ ನಮ್ಮ ಪಕ್ಕದ ಮನೆಯವಳು. ಬೆಳಗಿನ ಬಸ್ಸಿಗೆ ಮೀನಿನ ಬುಟ್ಟಿ ಏರಿಸಿ ಅಂಕೋಲೆಯ ಪೇಟೆಯಲ್ಲಿ ಕೂತಳೆಂದರೆ ಅವಳ ದನಿ ಬಸ್ ಸ್ಟ್ಯಾಂಡಿನವರೆಗೂ ಕೇಳುತ್ತಿತ್ತು. ಗರ್ಭಕೋಶದಲ್ಲಿ ಗಡ್ಡೆ ಬೆಳೆದು ತಿಂಗಳ ಸ್ರಾವ ನಿಲ್ಲದಾದಾಗ ಮಾತ್ರ ಆ ದನಿ ಇಳಿಯಿತು. ಗರ್ಭಕೋಶವನ್ನೇ ತೆಗೆಯೋಣ ಎಂದರು ಕಾರವಾರದಲ್ಲಿ. "ತೆಗ್ದ ಮೇಲೆ ಬೇಡಾಗಿತ್ತು ಅನ್ಸಿದ್ರೆ ತಿರ್ಗಿ ಹಾಕೂಕೆ ಬತ್ತದಾ?" ಎಂದು ಕೇಳಿ ಎದ್ದು ಬಂದಳು. ಕೊಯ್ಯದೆ, ಶಬ್ದದ ಅಲೆಗಳನ್ನು ಒಂದೆಡೆ ಕೂಡಿಸಿ ಗಡ್ಡೆಯನ್ನು ಬಿಸಿಯಲ್ಲೇ ಸುಡುವ ಚಿಕಿತ್ಸೆ ದೂರದ ಊರಿನಲ್ಲಿದೆ ಎಂದು ತಿಳಿದು ಇಬ್ಬರೂ ಹೋದೆವು. ಅವಳ ಮಾತಿನ ವೇಗ ಡಾಕ್ಟರಿಗೆ ಹಿಡಿಯದೆ ನನ್ನನ್ನೂ ಒಳಗೆ ಕೂರಿಸಿಕೊಂಡಿದ್ದರು.

ಪರದೆಯ ಮೇಲೆ ಅವಳ ಒಡಲು ಬೂದುಬಣ್ಣದ್ದು, ಮಂಜು ಕವಿದ ಕಡಲಿನ ಹಾಗೆ. ಅಲೆ ಬಿಟ್ಟಾಗಲೆಲ್ಲ ಗಡ್ಡೆಯ ನಡುವೆ ಕೆಂಪು ಚುಕ್ಕೆಯೊಂದು ಅರಳಿ, ಹಳದಿಯಾಗಿ, ತಣಿದು ಮುಳುಗುತ್ತಿತ್ತು. "ಈ ಬಣ್ಣವೇ ಬಿಸಿಯ ಅಳತೆ. ಎಲ್ಲಿ ಎಷ್ಟು ಕಾದಿದೆ ಅಂತ ಎಂಆರ್‌ಐ ಆಗಿಂದಾಗಲೇ ತೋರಿಸುತ್ತದೆ" ಎಂದರು ಡಾಕ್ಟರು. ಬಣ್ಣ ಹುಟ್ಟಿ ಆರುವುದನ್ನು ನೋಡುತ್ತ ನೋಡುತ್ತ ನಾನೆಲ್ಲಿದ್ದೇನೆಂಬುದೇ ಮರೆತುಹೋಗಿತ್ತು...

ಒಮ್ಮೆ ಕೆಂಪು ಗಡ್ಡೆಯ ಅಂಚು ದಾಟಿ ಬೆನ್ನಿನ ಕಡೆಗೆ ಹರಡತೊಡಗಿತು. ಡಾಕ್ಟರು ತಟ್ಟನೆ ನಿಲ್ಲಿಸಿ ಮೈಕಿನಲ್ಲಿ ಕೇಳಿದರು, "ಕಾಲಿಗೇನಾದರೂ ಆಗುತ್ತಿದೆಯಾ ಅಮ್ಮಾ?"

"ಆಗಿಂದ ಉರೀತದೆ."

"ನಿಲ್ಲಿಸೋದಕ್ಕೆ ಕೈಯಲ್ಲಿ ಗುಂಡಿ ಕೊಟ್ಟಿದ್ದೆವಲ್ಲ! ಯಾಕೆ ಒತ್ತಲಿಲ್ಲ?"

"ನೀವು ಕೆಲ್ಸ ಮಾಡ್ತೇ ಇದ್ರಿ. ನಡೂಗೆ ಎಂತಕ್ಕೆ ಕರೂದು?"

ಡಾಕ್ಟರು ಕುರ್ಚಿಗೆ ಒರಗಿದರು. ಬಿಸಿ ಪರದೆಯಲ್ಲಿ ಕಾಣುತ್ತದೆ, ನೋವು ಕಾಣುವುದಿಲ್ಲ. ಇವರು ಹೇಳದಿದ್ದರೆ ಕಾಲಿಗೆ ಹೋಗುವ ನರ ಸುಟ್ಟೀತು, ಇಲ್ಲಿಗೇ ಬಿಡಬೇಕಾಗುತ್ತದೆ ಎಂದರು. ಅವಳ ಮನೆಯ ಪದ್ಧತಿ ನನಗೆ ಗೊತ್ತಿತ್ತು. ಹೆರಿಗೆಯಲ್ಲಿ ಕೂಗಿದ ಸೊಸೆಯನ್ನು ಅಲ್ಲಿ ವರ್ಷಗಟ್ಟಲೆ ಆಡಿಕೊಳ್ಳುತ್ತಿದ್ದರು. ಮೂರು ಹೆತ್ತರೂ ತುಟಿ ಬಿಚ್ಚದವಳು ಎಂಬುದೇ ಇವಳ ಹೆಮ್ಮೆ. ನಾನು ಮೈಕಿಗೆ ಬಾಗಿದೆ.

"ಅಕ್ಕಾ, ಬಂಗಡೆಗೆ ಕಮ್ಮಿ ಕೇಳಿದ್ರೆ ಪೇಟೆನೇ ಎಬ್ಬಿಸ್ತೆ. ಇಲ್ಲಿ ಎಂತಕ್ಕೆ ಬಾಯಿ ಹೊಲ್ಕಂಡೆ?"

"ಅದು ಮೀನಿಂದು, ತಂಗಿ. ಇದು ಮೈದು..."

"ಒತ್ತದಿದ್ರೆ ಕೊಯ್ತಾರೆ ಮತ್ತೆ!"

ಇನ್ನೊಮ್ಮೆ ನೋಡೋಣ ಎಂದರು ಡಾಕ್ಟರು. ಮುಂದಿನ ಅಲೆ ಶುರುವಾಯಿತೋ ಇಲ್ಲವೋ, ಒತ್ತಿಯೇಬಿಟ್ಟಳು. ಡಾಕ್ಟರು ಗಾಬರಿಯಿಂದ ಎದ್ದು ನಿಂತರು.

"ಎಂತ ಇಲ್ಲ," ಎಂದಳು ಒಳಗಿನಿಂದ, "ನಿಲ್ತದೋ ಇಲ್ವೋ ನೋಡ್ದೆ."

ಆಮೇಲೆ ಉರಿ ಬಂದಾಗಲೆಲ್ಲ ಒತ್ತಿದಳು. ಡಾಕ್ಟರು ಅಲೆಯ ಓರೆ ಬದಲಿಸಿ ಬದಲಿಸಿ ಕೆಲಸ ಮುಗಿಸಿದರು. ಕೆಲವು ತಿಂಗಳಲ್ಲಿ ಸ್ರಾವ ಹತೋಟಿಗೆ ಬಂತು. ಗರ್ಭಕೋಶ ಉಳಿಯಿತು.

ಕಳೆದ ಮಳೆಗಾಲದ ಜ್ವರ ಅವಳನ್ನು ಒಯ್ದಿತು... ಮೊನ್ನೆ ಸ್ಕ್ಯಾನ್ ಮುಗಿಸಿ ಬಂದವಳು, ಹೇಳಿಕೊಳ್ಳಲೆಂದು ಪಕ್ಕದ ಮನೆಗೆ ಹೊರಟು ಅಂಗಳದಲ್ಲೇ ನಿಂತುಬಿಟ್ಟೆ.

ಆ ಚಿಕಿತ್ಸೆಯ ಮರುವರ್ಷ ಅವಳ ಹಿರಿಮಗಳು ಹೆರಿಗೆಗೆ ಆಸ್ಪತ್ರೆ ಸೇರಿದಳು. ನರ್ಸ್ ಹೊರಬಂದು, ಹುಡುಗಿ ಹಲ್ಲು ಕಚ್ಚಿ ಎಷ್ಟು ಚೆನ್ನಾಗಿ ನೋವು ತಡೆದುಕೊಳ್ಳುತ್ತಿದ್ದಾಳೆ ಎಂದು ಹೊಗಳಿದರು. ಬೆಂಚಿನ ಮೇಲೆ ಕೂತಿದ್ದ ತನ್ನ ಅತ್ತೆಯ ಎದುರೇ ಮೀನಿನಕ್ಕ ಎದ್ದು ಬಾಗಿಲಿಗೆ ಹೋಗಿ, "ಕೂಗೇ ಮಗಾ, ಜೋರಾಗಿ ಕೂಗು!" ಎಂದು ಒಳಗೆ ಕೇಳುವಂತೆ ಕೂಗಿದಳು.