ಮೂಡಲಗಿಯಿಂದ ಬಾರದ ಉತ್ತರ

ಇಸವಿ ೧೯೪೧ ಇರಬೇಕು. ೪೨ ಆಗಿದ್ದರೂ ಆಗಿರಬಹುದು. ಆ ಕಾಲದ ನನ್ನ ದಿನಚರಿಯಲ್ಲಿ ಪ್ರಯಾಣ, ನೆಗಡಿ, ಊಟದ ವಿವರಗಳಿವೆ, ಬೇಕಾದದ್ದು ಇಲ್ಲ. ಕೆಳಗಿನ ಮಾತುಗಳನ್ನು ಆಡಿದವರೆಲ್ಲ ಹೀಗೆಯೇ ಆಡಿದರೆಂದು ಪ್ರಮಾಣ ಮಾಡಲಾರೆ.

ಬಿ.ಎ. ಮುಗಿಸಿದ ನಾನು ಆಗ ನಾರುಹುಣ್ಣಿನ ಸರ್ವೆಯೊಂದರಲ್ಲಿ ಸಹಾಯಕಿ. ನಾರು ಎಂದರೆ ದಾರದಂಥ ಹುಳು. ಕುಡಿಯುವ ನೀರಿನಿಂದ ಮೈಸೇರಿ, ವರ್ಷದ ಹೊತ್ತಿಗೆ ಕಾಲಿನ ಚರ್ಮ ಸೀಳಿಕೊಂಡು ಹೊರಬರುತ್ತದೆ. ಅಂಥ ಕಾಲು ಮೆಟ್ಟಿಲುಬಾವಿಯ ನೀರಿಗಿಳಿದರೆ ಹುಳು ಅಲ್ಲಿ ಮರಿ ಬಿಡುತ್ತದೆ. ಅವನ್ನು ನೀರಿನ ಸಣ್ಣ ಕೀಟಗಳು ನುಂಗುತ್ತವೆ, ಆ ಕೀಟಗಳನ್ನು ಊರು ಕುಡಿಯುತ್ತದೆ.

ರೋಗಿಗಳು ಎಷ್ಟು, ಯಾವ ಬಾವಿಯ ನೀರು ಎಂದು ಡಾಕ್ಟರುಗಳಿಗೆ ಪ್ರಶ್ನಾವಳಿ ಕಳಿಸಿದ್ದೆವು. ಉತ್ತರ ಬಂದರೆ ಆ ಬಾವಿಯ ಮೆಟ್ಟಿಲು ಮುಚ್ಚಿ ರಾಟೆ ಹಾಕಿಸುವ ಯೋಜನೆ. ಬಾರದಿದ್ದರೆ ಊರಲ್ಲಿ ರೋಗವೇ ಇಲ್ಲವೆಂದು ಕಚೇರಿಯ ಲೆಕ್ಕ. ಡಾಕ್ಟರ ಸಹಿಯಿಲ್ಲದ ಉತ್ತರ ನಡೆಯುತ್ತಿರಲಿಲ್ಲ. ಹೆಚ್ಚಿನವರು ಬರೆಯಲಿಲ್ಲ, ಕೇಳಿಕೊಂಡು ಬರಲು ನನ್ನನ್ನು ಅಟ್ಟಿದರು.

ಗೋಕಾಕದ ಡಾಕ್ಟರು ಮುಖ ಕೊಡಲಿಲ್ಲ. "ಹಿಂದ ಪ್ಲೇಗಿನ ಸರ್ವೆಕ್ಕ ಬರದು ಕೊಟ್ಟಿದ್ದೆ. ಮುಂದ ಏನಾತು ಅಂತ ಒಬ್ಬರರ ಹೇಳಿದ್ರೇನ್ರಿ?" ಫಲಿತಾಂಶ ತಿಳಿಸುತ್ತೇನೆಂದು ಒಪ್ಪಿಕೊಂಡ ಮೇಲೆ ಬರೆದುಕೊಟ್ಟರು.

ಹುಕ್ಕೇರಿಯಲ್ಲಿ ಸಂತೆಯ ದಿನ, ದವಾಖಾನೆ ತುಂಬಿತ್ತು. "ಬಾಯಾರ, ನೀವು ಹಾಳಿ ಕಳಸ್ತೀರಿ, ಔಷಧ ಕಳಸೂದಿಲ್ಲ. ನಿಮ್ಮ ಹಾಳ್ಯಾಗ ಪುಡಿ ಕಟ್ಟಿ ಕೊಟ್ಟೇನಿ. ಅಷ್ಟರ ಉಪಯೋಗ ಆತು!" ಡಾಕ್ಟರ ಮಾತಿಗೆ ರೋಗಿಗಳೂ ನಕ್ಕರು. ನೀವು ಹೇಳಿ, ನಾನು ಬರೆದುಕೊಳ್ಳುತ್ತೇನೆ ಎಂದು ಮೂಲೆಯಲ್ಲಿ ಕುಳಿತೆ. ಒಬ್ಬ ರೋಗಿ ಎದ್ದು ಇನ್ನೊಬ್ಬ ಕೂರುವಷ್ಟರಲ್ಲಿ ಒಂದೊಂದು ಉತ್ತರ ಸಿಕ್ಕಿತು, ಸಂಜೆಗೆ ಸಹಿಯೂ.

ಮೂಡಲಗಿಯ ಡಾಕ್ಟರು ನನ್ನ ಸ್ವಂತ ಕಾಕಾ, ಅಪ್ಪನ ತಮ್ಮ. ಮನೆಯ ಪತ್ರಗಳಿಗೆಲ್ಲ ಉತ್ತರಿಸುವವರು ಪ್ರಶ್ನಾವಳಿಯ ಸುದ್ದಿಯನ್ನೇ ಎತ್ತಿರಲಿಲ್ಲ. ಅಲ್ಲಿ ಉತ್ತರ ಸಲೀಸಾಗಿ ಸಿಗುತ್ತದೆಂದು ಕೊನೆಗೆ ಇಟ್ಟುಕೊಂಡಿದ್ದೆ.

ನಾನು ಹೋದಾಗ ಅವರು ಮನೆಯ ಕಟ್ಟೆಯ ಮೇಲೆ ಒಬ್ಬ ಹೆಂಗಸಿನ ಕಾಲಿನಿಂದ ನಾರು ತೆಗೆಯುತ್ತಿದ್ದರು. ಹರಿಯದಂತೆ ಕಡ್ಡಿಗೆ ಸುತ್ತಿ, ನಿಧಾನವಾಗಿ.

"ಹ್ವಾದ ವರ್ಷ ಆ ಕಾಲು, ಈ ವರ್ಷ ಈ ಕಾಲು," ಎಂದಳು ಆಕೆ ನನಗೆ. "ಆದ್ರೂ ನಿಮ್ಮ ಆಯೀ ಬಾವಿ ನೀರು ಬೆಲ್ಲ ಇದ್ದಂಗ ಐತ್ರಿ ತಂಗಿ."

ಆಯಿ ಎಂದರೆ ನನ್ನ ಅಜ್ಜಿ. ಆಕೆ ತೀರಿಕೊಂಡಾಗ ಅಜ್ಜ, ನಮ್ಮ ಮುತ್ಯಾ, ಆಕೆಯ ಹೆಸರಿನಲ್ಲಿ ಊರಿಗೆ ಆ ಮೆಟ್ಟಿಲುಬಾವಿ ಕಟ್ಟಿಸಿದ್ದ.

ನಾನು ಹಾಳೆ ತೆಗೆದೆ. ಕಾಕಾ ತಲೆಯೆತ್ತಲಿಲ್ಲ.

"ಮುತ್ಯಾ ಪುಣ್ಯಾಕ ಕಟ್ಟಿಸ್ಯಾನ. ನೀ ಆಕಿ ಹೆಸರು ಸರ್ಕಾರಿ ಕಾಗದದಾಗ ರೋಗದ ಬಾಜೂ ಕುಂದ್ರಸ್ತಿ ಏನು?"

"ಬರೀದಿದ್ರ ಮೂಡಲಗಿಯೊಳಗ ನಾರು ಇಲ್ಲಂತ ಆಕ್ಕೈತ್ರಿ, ಕಾಕಾ."

"ಆಗ್ಲಿ."

ಒಳಗೆ ಕಾಕಾನ ಹೆಂಡತಿ, ಕಾಕು, ಆ ಬಾವಿಯ ನೀರು ಸೋಸುತ್ತಿದ್ದಳು. ನಾವು ಜೈನರು, ದಪ್ಪ ಬಟ್ಟೆಯಲ್ಲಿ ಸೋಸದ ನೀರನ್ನು ಕುಡಿಯುವುದಿಲ್ಲ. ಬಟ್ಟೆಯಲ್ಲಿ ಉಳಿದ ಸಣ್ಣ ಕೀಟಗಳು ಸಾಯಬಾರದೆಂದು ಅದನ್ನು ತಂಬಿಗೆಯಲ್ಲಿ ತೊಳೆದು ಮತ್ತೆ ಅದೇ ಬಾವಿಗೆ ಬಿಡುತ್ತೇವೆ. ಹುಟ್ಟಿದಾಗಿನಿಂದ ಕಂಡದ್ದನ್ನು ಅಂದು ಮೊದಲ ಸಲ ನೋಡಿದೆ.

ಹಾಳೆ ಖಾಲಿಯಾಗಿಯೇ ಹಿಂದಿರುಗಿತು. ಮುಂದೆ ಹುಕ್ಕೇರಿ ಕಡೆಯ ಬಾವಿಗಳ ಮೆಟ್ಟಿಲು ಮುಚ್ಚಿದರು; ಆಯಿಯ ಬಾವಿಗೆ ಜನ ಕಾಲಿಳಿಸಿಯೇ ನೀರು ತುಂಬಿಕೊಂಡರು. ಡಾಕ್ಟರುಗಳಿಗೆ ಪುರುಸೊತ್ತಿಲ್ಲ ಎಂದುಕೊಂಡೇ ನಾವು ಪ್ರಶ್ನೆಗಳನ್ನು ಕಡಿಮೆ ಮಾಡುತ್ತಿದ್ದೆವು, ನೆನಪೋಲೆ ಕಳಿಸುತ್ತಿದ್ದೆವು. ಉತ್ತರ ಕೊಟ್ಟರೆ ಅವರು ಏನು ಕಳೆದುಕೊಳ್ಳುತ್ತಾರೆ ಎಂದು ಯೋಚಿಸಿರಲಿಲ್ಲ. ಆ ಕೆಲಸದಲ್ಲಿ ನಾನು ಕಲಿತದ್ದು ಇಷ್ಟೇ, ಅದೂ ತಡವಾಗಿ.

ಹೊರಡುವಾಗ ಆ ಹೆಂಗಸಿನ ಎದುರಿಗೇ ಕಾಕಾನನ್ನು ಕೇಳಿದ್ದು ಮಾತ್ರ ಅಕ್ಷರಶಃ ನೆನಪಿದೆ. ಅವರು ಕಡ್ಡಿಯನ್ನು ಇನ್ನೊಂದು ಸುತ್ತು ತಿರುವಿದರು. ಈಗ ಅವರೂ ಇಲ್ಲ.

"ಕಾಕಾ, ಅದ ಬಾವಿ ನೀರು ಕುಡದು ನಮ್ಮ ಮನ್ಯಾಗ ಒಬ್ಬರಿಗೂ ನಾರು ಯಾಕ ಬರಲಿಲ್ರಿ?"